ಕೈ ಬಿಟ್ಟರೂ ಹಾರುವ ವಿಮಾನ

ಮಾದರಿ ವಿಮಾನದ ಬಾಲ್ಸಾ ಕಿಟ್ಟಿನ ಪೆಟ್ಟಿಗೆಯನ್ನು ನಾನು ಮೊದಲ ಸಲ ಬಿಚ್ಚಿದ ದಿನ ಗೋಕಾಕದ ನಮ್ಮ ಓಣಿಯ ಬಡಿಗೇರ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ನಲವತ್ತು ವರ್ಷ ಸಾಗವಾನಿ, ಬೇವು, ಜಾಲಿ ಕೆತ್ತಿದ ಕೈ. ಒಂದು ಹಾಳೆಯನ್ನೆತ್ತಿ ಅಂಗೈ ಮೇಲೆ ಎರಡು ಸಲ ತೂಗಿ ನೋಡಿದರು. "ತಮ್ಮಾ, ಇದು ಕಟಗಿ ಹೌದೇನೋ? ಒಣಗಿದ ಹೀರೀಕಾಯಿ ಹಿಡದಂಗ ಆಗತೈತಿ" ಅಂದರು. ಬಾಲ್ಸಾದ ಬಗ್ಗೆ ಅದಕ್ಕಿಂತ ಸರಿಯಾದ ಮಾತನ್ನು ನಾನು ಆಮೇಲೆ ಯಾವ ಪುಸ್ತಕದಲ್ಲೂ ಓದಿಲ್ಲ.

ಹೋದ ಮಳೆಗಾಲದಲ್ಲಿ ಮೂಡಲಗಿಯಿಂದ ಒಬ್ಬ ಹುಡುಗ ಬಂದ. ಡಿಪ್ಲೊಮಾ ಓದುತ್ತಾನೆ, ಕೂಡಿಟ್ಟ ಹಣ ಕಿಸೆಯಲ್ಲಿದೆ, ರೇಡಿಯೊ ವಿಮಾನ ಕಟ್ಟುವ ಆಸೆ. "ಸರ, ಜೆಟ್ ಥರದ್ದ ತರಸ್ಲೇನ್ರಿ? ಛೊಲೊ ಕಾಣತೈತಿ" ಎಂದು ಕೇಳಿದ. "ಕಾಣೂದು ಆಮ್ಯಾಲೆ ನೋಡೂಣು. ಮೊದಲ ಹಾರೂದು ನೋಡು" ಅಂದೆ. ಅವನಿಗೆ ತೋರಿಸಿದ್ದು ಎಪ್ಪತ್ತು ಎಂಬತ್ತು ವರ್ಷ ಹಿಂದಿನ ಮಾದರಿಯ ವಿಮಾನ: ಮೈಯ ಮೇಲೆ ಕೂತ ಅಗಲವಾದ ರೆಕ್ಕೆ, ಉದ್ದನೆಯ ಬಾಲ, ದೊಡ್ಡ ಗಾಲಿ. ಹುಡುಗನ ಮುಖ ಸಪ್ಪಗಾಯಿತು. ಆ ಮುಖಕ್ಕಾಗಿಯೇ ಈ ವಾರದ ಅಂಕಣ.

ಹಳೆಯ ವಿಮಾನಗಳಿಗೆ ಆ ಆಕಾರ ಬಂದದ್ದಕ್ಕೆ ಕಾರಣವಿದೆ. ಅವು ರೇಡಿಯೊ ಇಲ್ಲದೆ ಹಾರುತ್ತಿದ್ದ ಕಾಲದ ಸಂತಾನ. ಎಂಜಿನ್ ಚಾಲೂ ಮಾಡಿ ಕೈ ಬಿಟ್ಟರೆ ಮುಗಿಯಿತು. ಮುಂದೆ ಏರುವುದು, ಸುತ್ತುವುದು, ಇಳಿಯುವುದು ಎಲ್ಲ ಅದರದೇ ಜವಾಬ್ದಾರಿ. ಕಟ್ಟಿದವನ ಕೆಲಸ ಅದರ ಹಿಂದೆ ಸೈಕಲ್ ತುಳಿಯುವುದು. ಅಮೆರಿಕದ ಮಿಷಿಗನ್ನಿನಲ್ಲಿ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು 1937ರಲ್ಲಿ ತಮ್ಮ 'ಗಫ್' ವಿಮಾನವನ್ನು ರೇಡಿಯೊದಿಂದ ಹಾರಿಸಿದರು. ಆಗಿನ ರೇಡಿಯೊ ಎಂದರೆ ಗಾಜಿನ ವಾಲ್ವು, ಭಾರದ ಸೆಲ್ಲು. ಅಷ್ಟನ್ನೂ ಹೊತ್ತು ಏಳಬೇಕಾದರೆ ರೆಕ್ಕೆ ದೊಡ್ಡದಿರಬೇಕು, ವೇಗ ಕಡಿಮೆಯಿರಬೇಕು. ಅಪ್ಪಣೆ ಬರುವುದು ತಡವಾದರೂ ತಾನೇ ಸಂಭಾಳಿಸಿಕೊಳ್ಳಬೇಕು. 'ಗಫ್' ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಇಂಗ್ಲೆಂಡಿನ ಕೀಲ್‌ಕ್ರಾಫ್ಟ್ ಕಂಪನಿ 1946ರಲ್ಲಿ ತಂದ 'ಜೂನಿಯರ್ 60' ಕೂಡ ಮೊದಲು ಹೀಗೆ ಸ್ವತಂತ್ರವಾಗಿ ಹಾರುತ್ತಿದ್ದ ಮಾದರಿಯೇ; ರೆಕ್ಕೆಯ ಅಗಲ 60 ಇಂಚು. ಅದರ ನಕ್ಷೆಯಿಂದ ಇಂದಿಗೂ ಜನ ವಿಮಾನ ಕಟ್ಟುತ್ತಾರೆ. ಹೊಸಬರಿಗೆ ನಾನು ಮೊದಲು ಹೇಳುವ ಹೆಸರು ಅದು.

ಜೆಟ್ ಆಕಾರದ ವಿಮಾನ ಹಾರಿಸುವವನನ್ನು ಕ್ಷಣಕ್ಷಣಕ್ಕೂ ಕೇಳುತ್ತದೆ. ಹೊಸಬನ ಬಳಿ ಅಷ್ಟು ಉತ್ತರಗಳಿರುವುದಿಲ್ಲ. ವಿಮಾನ ನಮ್ಮ ಕಡೆ ಮುಖಮಾಡಿ ಬರುವಾಗ ಎಡ ಬಲ ಅದಲುಬದಲಾಗುತ್ತವೆ. ಗಾಬರಿಯಲ್ಲಿ ರೇಡಿಯೊದ ಕಡ್ಡಿಯನ್ನು ತಪ್ಪು ದಿಕ್ಕಿಗೆ ಒತ್ತುತ್ತೇವೆ, ಅಲ್ಲಿಗೆ ಮೂರು ತಿಂಗಳ ಕೆಲಸ ಮಣ್ಣುಪಾಲು. ಹಳೆಯ ಮಾದರಿಯ ರೆಕ್ಕೆಗಳ ತುದಿ ಮೇಲಕ್ಕೆದ್ದಿರುತ್ತವೆ, ಮುಂದಿನಿಂದ ನೋಡಿದರೆ ಅಗಲವಾಗಿ ಬಿಚ್ಚಿದ ಪುಸ್ತಕದಂತೆ. ಗಾಳಿ ಒಂದು ರೆಕ್ಕೆಯನ್ನು ಕೆಳಗೆ ತಳ್ಳಿದರೆ ವಿಮಾನ ಆ ಕಡೆಗೆ ಜಾರುತ್ತದೆ; ಜಾರುವಾಗ ಕೆಳಗಿನ ರೆಕ್ಕೆಗೆ ಗಾಳಿ ಹೆಚ್ಚು ಓರೆಯಲ್ಲಿ ಬಡಿದು ಅದನ್ನೇ ಮೇಲಕ್ಕೆತ್ತುತ್ತದೆ. ಕಷ್ಟ ಬಂದಾಗ ಮಾಡಬೇಕಾದದ್ದು ಒಂದೇ: ಕಡ್ಡಿಗಳಿಂದ ಬೆರಳು ತೆಗೆಯುವುದು. ಈ ಒಂದು ಗುಣಕ್ಕಾಗಿ ನಾನು ಎಷ್ಟು ಚಂದದ ಜೆಟ್ಟನ್ನಾದರೂ ಬಿಟ್ಟುಕೊಡುತ್ತೇನೆ.

ಅಂಥ ವಿಮಾನ ಕಟ್ಟುವವನ ಕೆಲಸ ಎರಡೇ. ಹಗುರ ಮಾಡಬೇಕು, ನೇರ ಮಾಡಬೇಕು. ಉಳಿದದ್ದು ಅದಕ್ಕೇ ಗೊತ್ತು.

ಹಗುರದ ಮಾತು ಮೊದಲು. ಬಾಲ್ಸಾ ಮರ ಹೆಚ್ಚಾಗಿ ಬರುವುದು ಈಕ್ವೆಡಾರಿನಿಂದ. ಆರರಿಂದ ಹತ್ತು ವರ್ಷಕ್ಕೆ ಕಡಿಯಲು ಬರುವಷ್ಟು ಬೇಗ ಬೆಳೆಯುತ್ತದೆ. ಹಸಿ ಮರದ ಕೋಶಗಳ ತುಂಬ ನೀರು. ಆ ನೀರನ್ನು ಒಣಗಿಸಿದ ಮೇಲೆ ಉಳಿಯುವುದು ಬಹುಪಾಲು ಗಾಳಿ. ಸಾಗವಾನಿ ಘನಮೀಟರಿಗೆ 650 ಕಿಲೊ ಆಸುಪಾಸು ತೂಗಿದರೆ ಬಾಲ್ಸಾ ಸಾಮಾನ್ಯವಾಗಿ 100ರಿಂದ 200 ಕಿಲೊ. ಆ 100 ಮತ್ತು 200ರ ನಡುವೆಯೇ ಇಡೀ ವಿದ್ಯೆಯಿದೆ. 3 ಮಿ.ಮೀ. ದಪ್ಪ, 75 ಮಿ.ಮೀ. ಅಗಲ, 915 ಮಿ.ಮೀ. ಉದ್ದದ ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಒಂದೇ. ತಕ್ಕಡಿಯಲ್ಲಿ ಒಂದು 20 ಗ್ರಾಂ, ಇನ್ನೊಂದು 40. ಪತ್ತಾರರು ಇಟ್ಟುಕೊಳ್ಳುವಂಥ ಸಣ್ಣ ತಕ್ಕಡಿಯೊಂದನ್ನು ಮೊದಲು ಕೊಳ್ಳಿ, ರೇಡಿಯೊ ಆಮೇಲೆ. ಪ್ರತಿ ಹಾಳೆಯನ್ನೂ ತೂಗಿ, ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಭಾರದ ಹಾಳೆ ಮೂತಿಗೆ, ರೆಕ್ಕೆಯ ದೂಲಕ್ಕೆ. ಅತಿ ಹಗುರದ್ದು ಬಾಲಕ್ಕೆ. ಹಳೆಯ ವಿಮಾನಗಳಿಗೆ ಮೂತಿ ಗಿಡ್ಡ, ಬಾಲ ಉದ್ದ. ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಅದನ್ನು ಸರಿದೂಗಿಸಲು ಮೂತಿಯಲ್ಲಿ ಸುಮಾರು ಮೂರು ಗ್ರಾಂ ಸೀಸ ತುಂಬಬೇಕು. ಎಷ್ಟೋ ಕಿಟ್ಟುಗಳಲ್ಲಿ ಬಾಲಕ್ಕೇ ಭಾರದ ಹಾಳೆ ಇಟ್ಟು ಕಳಿಸಿರುತ್ತಾರೆ. ನಾನು ಸುಮ್ಮನೆ ಅದನ್ನು ತೆಗೆದಿಟ್ಟು ಬೇರೆಯದನ್ನು ಕತ್ತರಿಸುತ್ತೇನೆ.

ಗೋಕಾಕದವರಿಗೆ ಇದನ್ನು ಹೇಳುವಾಗ ನನಗೆ ಸಂಕೋಚವಾಗುತ್ತದೆ. ಹಗುರ ಮರವನ್ನು ಆರಿಸಿ, ಕೆತ್ತಿ, ಉಜ್ಜಿ, ಬಣ್ಣ ಹಚ್ಚಿ, ನಿಜವಾದ ಮಾವು ಬಾಳೆಯೆಂದು ಕೈ ಚಾಚುವಂತೆ ಮಾಡುವ ಆಟಿಗೆಯ ಕೆಲಸ ಈ ಊರಿನದು. ಆ ಕುಶಲಿಗಳು ಉಪ್ಪುಕಾಗದ ತಿರುಗಿಸುವ ರೀತಿ ನೋಡಿಯೇ ನಾನು ರೆಕ್ಕೆಯ ಮುಂಚೂಣಿ ದುಂಡಗೆ ಮಾಡುವುದನ್ನು ಕಲಿತದ್ದು: ಒತ್ತದೆ, ಎಳೆಯ ಉದ್ದಕ್ಕೆ, ಬೆರಳಿನ ಬದಲು ಹಲಗೆಯ ತುಂಡಿಗೆ ಕಾಗದ ಸುತ್ತಿಕೊಂಡು.

ಇನ್ನು ನೇರ. ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ನನ್ನ ಮೊದಲ ರೆಕ್ಕೆಯನ್ನು ಊಟದ ಮೇಜಿನ ಮೇಲೆ ಕಟ್ಟಿದೆ. ಮೇಜು ನೋಡಲು ಸಪಾಟು. ನಡುವೆ ತಗ್ಗು ಇದ್ದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಟು ಒಣಗಿದಾಗ ಬಲ ರೆಕ್ಕೆಯ ತುದಿಯಲ್ಲಿ ಹಿಂದಿನ ಅಂಚು 6 ಮಿ.ಮೀ. ಕೆಳಕ್ಕೆ ತಿರುಚಿತ್ತು. ಇಷ್ಟರಿಂದ ಏನಾಗುತ್ತದೆ ಎಂದುಕೊಂಡು ಹಾರಿಸಿದೆ. ವೇಗದಲ್ಲಿದ್ದಾಗ ಆ ರೆಕ್ಕೆ ಹೆಚ್ಚು ಎತ್ತುತ್ತಿತ್ತು, ವಿಮಾನ ಎಡಕ್ಕೇ ವಾಲುತ್ತಿತ್ತು. ಅದನ್ನು ತಿದ್ದುತ್ತ ಇಳಿಸಲು ವೇಗ ತಗ್ಗಿಸಿದೆ. ಅಷ್ಟೊತ್ತೂ ಹೆಚ್ಚು ಹೊತ್ತಿದ್ದ ಅದೇ ಬಲ ರೆಕ್ಕೆ ಎಲ್ಲಕ್ಕಿಂತ ಮೊದಲು ಸೋತು ತಟ್ಟನೆ ಕುಸಿಯಿತು. ವೇಗ ತಗ್ಗಿದಾಗ ಓರೆ ಹೆಚ್ಚಿದ್ದ ರೆಕ್ಕೆಯ ಮೈಯನ್ನು ಗಾಳಿ ಬೇಗ ಬಿಟ್ಟುಹೋಗುತ್ತದೆ, ಲೆಕ್ಕ ಅಷ್ಟೇ. ಜೋಳದ ಹೊಲದಲ್ಲಿ ತುಂಡುಗಳನ್ನು ಆರಿಸುವಾಗ ಕಾಕಾ ಮುರಿದ ರೆಕ್ಕೆಯನ್ನೆತ್ತಿ, ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿದರು. "ಹಾರಸೂಕಿಂತ ಮೊದಲ ಹಿಂಗ ನೋಡಬೇಕಾಗಿತ್ತು" ಅಂದರು. ಮರುದಿನವೇ ಒಂದು ಹಲಗೆಗೆ ರಂದಾ ಹೊಡೆದು, ದಾರ ಹಿಡಿದು ಮಟ್ಟ ನೋಡಿ ತಂದುಕೊಟ್ಟರು. ಅಂದಿನಿಂದ ನನ್ನ ಎಲ್ಲ ರೆಕ್ಕೆಗಳೂ ಅದರ ಮೇಲೇ ಹುಟ್ಟಿವೆ.

ಕಟ್ಟುವ ಕ್ರಮ ಹೀಗೆ: ಹಲಗೆಯ ಮೇಲೆ ನಕ್ಷೆ, ನಕ್ಷೆಯ ಮೇಲೆ ತೆಳು ಪ್ಲಾಸ್ಟಿಕ್, ಅದರ ಮೇಲೆ ದೂಲ, ಪಕ್ಕೆಲುಬುಗಳು, ಅಂಚುಗಳು, ಎಲ್ಲವನ್ನೂ ಟಾಚಣಿಯಿಂದ ಬಿಗಿಯುವುದು. ಟಾಚಣಿಯನ್ನು ಕಟ್ಟಿಗೆಗೆ ಚುಚ್ಚಬೇಡಿ, ಎರಡೂ ಬದಿ ಒತ್ತಿ ನಿಲ್ಲಿಸಿ. ಕೂಡಲೇ ಹಿಡಿಯುವ ಫೆವಿಕ್ವಿಕ್ ಹೊಸಬರಿಗೆ ಬೇಡ. ತಪ್ಪನ್ನು ತಿದ್ದಲು ಅದು ಸಮಯ ಕೊಡುವುದಿಲ್ಲ, ಒಣಗಿದ ಗಂಟು ಉಪ್ಪುಕಾಗದಕ್ಕೂ ಬಗ್ಗುವುದಿಲ್ಲ. ಬಿಳಿ ಅಂಟನ್ನು ಕಡ್ಡಿಯ ತುದಿಯಷ್ಟು ಹಚ್ಚಿ ಒಂದು ರಾತ್ರಿ ಬಿಡಿ. ಮೋಟರು ಕೂರುವ ಪ್ಲೈವುಡ್ಡಿಗೆ ಮಾತ್ರ ಅರಾಲ್ಡೈಟ್. ರೆಕ್ಕೆಗಳ ತುದಿಯಲ್ಲಿ ಹಿಂದಿನ ಅಂಚಿನ ಕೆಳಗೆ 3 ಮಿ.ಮೀ. ಪಟ್ಟಿ ಇಟ್ಟು ಎರಡೂ ಕಡೆ ಸಮನಾಗಿ ಮೇಲಕ್ಕೆತ್ತಿ. ನನ್ನ ತಿರುಚಿಗೆ ಇದು ಉಲ್ಟಾ. ವೇಗ ತಗ್ಗಿದಾಗ ರೆಕ್ಕೆಯ ಬುಡ ಮೊದಲು ಸೋಲುತ್ತದೆ, ತುದಿಗಳು ಕೊನೆಯವರೆಗೂ ಹಿಡಿದುಕೊಂಡಿರುತ್ತವೆ.

ಹೊದಿಕೆಗೆ ನನ್ನ ಮನಸ್ಸು ರೇಷ್ಮೆಯ ಕಡೆ. ತೆಳು ರೇಷ್ಮೆಯ ಮೇಲೆ ಡೋಪ್ ಎಂಬ ಬಿಗಿಸುವ ವಾರ್ನಿಷ್ ಹಚ್ಚಿ ಬಿಸಿಲಿಗೆ ಹಿಡಿದಾಗ ಒಳಗಿನ ಪಕ್ಕೆಲುಬುಗಳು ನೆರಳಿನಂತೆ ಕಾಣುವ ಸೊಗಸು ಬೇರೆ ಯಾವುದಕ್ಕೂ ಇಲ್ಲ. ಆದರೆ ಮಳೆಗಾಲದ ತೇವದಲ್ಲಿ ಡೋಪ್ ಬೆಳ್ಳಗೆ ಮಂಜುಗಟ್ಟುತ್ತದೆ. ಮೊದಲ ವಿಮಾನಕ್ಕೆ ಇಸ್ತ್ರಿಯಿಂದ ಅಂಟಿಸುವ ಫಿಲ್ಮೇ ಇರಲಿ. ಮೇಲೆ ಒಂದು ಗೇಣು ಬಿಗಿದರೆ ಕೆಳಗೂ ಒಂದು ಗೇಣು ಬಿಗಿಯಿರಿ. ಒಂದೇ ಬದಿ ಎಳೆದರೆ ಕಾಕಾನ ಹಲಗೆ ಕೊಟ್ಟ ನೇರವನ್ನು ಇಸ್ತ್ರಿ ಕಸಿದುಕೊಳ್ಳುತ್ತದೆ.

ವಿಮಾನದ ಮೇಲೆ ಬರೆಯುವ ಹೆಸರಿನ ಬಗ್ಗೆ ನನ್ನದೊಂದು ಹಟವಿದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ ದಾಟಿ ಗಡಿ ಹಾಯ್ದರೆ ಗಡಹಿಂಗ್ಲಜ ತಾಲ್ಲೂಕು; ಅಲ್ಲಿಯ ಹಸೂರಚಂಪು ಎಂಬ ಸಣ್ಣ ಹಳ್ಳಿಯಲ್ಲಿ 1908ರಲ್ಲಿ ವಿ.ಎಂ. ಘಾಟಗೆ ಹುಟ್ಟಿದರು. ಜರ್ಮನಿಯ ಗಾಟಿಂಗನ್‌ನಲ್ಲಿ ವಿಮಾನವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಕಲಿತು ಬಂದವರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅವರು ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಅದೇ ಕಾರ್ಖಾನೆಯಿಂದ 1958ರಲ್ಲಿ ಎದ್ದದ್ದು ಪುಷ್ಪಕ್: ಮೇಲೆ ಕೂತ ರೆಕ್ಕೆ, ಬಟ್ಟೆಯ ಹೊದಿಕೆ, ಇಬ್ಬರೇ ಕೂರುವ ಜಾಗ. ನಮ್ಮ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನ ಅದರಲ್ಲೇ ಕಲಿತರು. ಈ ಸೀಮೆಯ ಅಂಚಿನ ಹಳ್ಳಿಯೊಂದರಿಂದ ಹೋದ ಬುದ್ಧಿಯ ಗುರುತು ನಮ್ಮ ಹುಡುಗರ ವಿಮಾನದ ಮೇಲೆ ಇರಬೇಕೆಂಬುದು ನನ್ನಾಸೆ. ಅಳತೆ ತಪ್ಪದ ಪುಷ್ಪಕ್ ಎರಡನೆಯ ವಿಮಾನವಾಗಲಿ, ಏಳನೇ ಒಂದು ಪಾಲಿಗೆ ಇಳಿಸಿದರೆ ರೆಕ್ಕೆ ಒಂದೂವರೆ ಮೀಟರು ಚಿಲ್ಲರೆ. ಮೊದಲನೆಯದಕ್ಕೆ ಅದರ ಹೆಸರು ಬರೆದರೂ ಸಾಕು.

ವಿದ್ಯುತ್ತಿನ ಭಾಗ ಇಂದು ಸುಲಭ. ಬ್ರಶ್‌ಲೆಸ್ ಮೋಟರು, ಮೂರು ಸೆಲ್ಲಿನ ಲಿಪೊ ಬ್ಯಾಟರಿ, ಬಾಲದ ಚುಕ್ಕಾಣಿಗಳನ್ನು ತಿರುಗಿಸಲು ಎರಡು ಸಣ್ಣ ಸರ್ವೊ. ದಿಕ್ಕು, ಏರಿಳಿತ, ವೇಗ, ಮೂರೇ ಹಿಡಿತ. ರೆಕ್ಕೆಯನ್ನು ಮೈಗೆ ರಬ್ಬರ್ ಬ್ಯಾಂಡಿನಿಂದಲೇ ಕಟ್ಟಿ. ಏಟು ಬಿದ್ದಾಗ ರೆಕ್ಕೆ ಕಳಚಿಕೊಳ್ಳುತ್ತದೆ, ಮುರಿಯುವುದಿಲ್ಲ. ತೂಕದ ನಡುಬಿಂದು ಮಾತ್ರ ನಕ್ಷೆ ಹೇಳಿದಲ್ಲೇ ಬರಬೇಕು. ಗಾಳಿಪಟಕ್ಕೆ ಸೂತ್ರ ಕಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸೂತ್ರ ಒಂದು ಬೆರಳು ಸರಿದರೆ ಪಟ ಗೋತಾ ಹೊಡೆಯುತ್ತದೆ. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿಯೇ ಆ ಬಿಂದುವನ್ನು ಹಿಡಿಯಿರಿ. ಸೀಸ ಕಡೆಯ ಉಪಾಯ.

ಹಾರಿಸುವ ಜಾಗಕ್ಕೆ ಬರೋಣ. ಗೋಕಾಕ ಫಾಲ್ಸ್ ಬಳಿ ಬೇಡವೇ ಬೇಡ. ಅಲ್ಲಿ ಜನ, ಕಂದರದಿಂದೇಳುವ ಗಾಳಿಗೆ ಗೊತ್ತುಗುರಿಯಿಲ್ಲ. ಹಿಡಕಲ್ ಅಣೆಕಟ್ಟಿನ ಹತ್ತಿರವೂ ಬೇಡ. 2021ರ ಡ್ರೋನ್ ನಿಯಮಗಳು ನಮ್ಮ ಈ ವಿಮಾನಗಳಿಗೂ ಅನ್ವಯಿಸುತ್ತವೆ: ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಬೇಕು, ಹಸಿರು ವಲಯದಲ್ಲಿ 120 ಮೀಟರ್ ಎತ್ತರ ಮೀರಬಾರದು. ಸರ್ಕಾರದ ವಲಯ ನಕ್ಷೆ ನೋಡಿ, ಹೊಲದವರ ಒಪ್ಪಿಗೆ ಕೇಳಿ. ಮೂಡಲಗಿ ಕಡೆ ಎಲ್ಲಿ ನೋಡಿದರೂ ಕಬ್ಬು. ನಿಂತ ಕಬ್ಬಿನಲ್ಲಿ ಬಿದ್ದ ವಿಮಾನ ಹತ್ತು ಮಾರು ದೂರದಲ್ಲಿದ್ದರೂ ಸಿಗುವುದಿಲ್ಲ, ಒಳಗೆ ನುಗ್ಗಿ ಹುಡುಕಿದವರಿಗೆ ಗೊತ್ತು. ಕಟಾವು ಆಗುವವರೆಗೂ ತಡೆಯಿರಿ. ಆಷಾಢದ ಪಡುವಣ ಗಾಳಿಯಲ್ಲಿ ಕಟ್ಟುವುದು, ಪುಷ್ಯದ ಬೆಳಗಿನಲ್ಲಿ ಹಾರಿಸುವುದು, ನಮ್ಮ ಸೀಮೆಗೆ ಹೊಂದುವ ಪಂಚಾಂಗ ಇದೇ.

ಮೂಡಲಗಿಯ ಹುಡುಗ ಈ ಪಂಚಾಂಗ ಪಾಲಿಸಿದ. ಜನವರಿಯ ಒಂದು ಬೆಳಿಗ್ಗೆ ಏಳು ಗಂಟೆಗೆ ಕಟಾವಾದ ಹೊಲದ ಬದುವಿನ ಮೇಲೆ ನಿಂತಿದ್ದೆವು. ನೆಲದ ತುಂಬ ರವದಿ. ಹಾಸಿಗೆಯಂತೆ ಮೆತ್ತಗಿದ್ದರೂ ಅಡಿಯಲ್ಲಿ ಕೂಳೆಯ ಮೊನೆಗಳಿದ್ದವು. ಪಕ್ಕದ ಬೀಳಿನ ಹುಲ್ಲಿನ ಮೇಲೆ ಮೊದಲು ಮೋಟರಿಲ್ಲದೆ ಕೈಯಿಂದ ತೇಲಿಬಿಟ್ಟು ನೋಡಿದೆವು. ಮೂರನೆಯ ಸಲ, ಬ್ಯಾಟರಿಯನ್ನು ಅರ್ಧ ಬೆರಳು ಮುಂದೆ ಸರಿಸಿದ ಮೇಲೆ, ಅದು ಮೂತಿ ಎತ್ತದೆ, ತಗ್ಗಿಸದೆ, ಸುತ್ತಿದ ಚಾಪೆ ಬಿಚ್ಚಿದಂತೆ ಮುಂದೆ ಹೋಗಿ ಕೂತಿತು. ಆಮೇಲೆ ಮೋಟರು. ಬೇವಿನ ಮರ ದಾಟಿ ಎತ್ತರಕ್ಕೆ ಏರಿದಾಗ ಹುಡುಗನ ಬೆರಳು ನಡುಗುತ್ತಿದ್ದವು. ವಿಮಾನ ನಮ್ಮ ಕಡೆ ತಿರುಗಿತು, ಎಡವೋ ಬಲವೋ ತಿಳಿಯದೆ ಅವನು ಕಡ್ಡಿ ಒತ್ತಿದ, ರೆಕ್ಕೆ ವಾಲಿತು.

"ಕೈ ಬಿಡು" ಅಂದೆ.

ಬಿಟ್ಟ. ವಾಲಿದ ರೆಕ್ಕೆ ತಾನೇ ಎದ್ದಿತು. ಕೆಂಪು ಬಿಸಿಲು ಫಿಲ್ಮಿನೊಳಗಿಂದ ಹಾದು ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು. ಪೂರ್ತಿ ಒಂದು ಸುತ್ತು, ಯಾರೂ ಹಿಡಿಯದೆ, ಅದು ನಮ್ಮ ತಲೆಯ ಮೇಲೆ ಹೋಯಿತು.

ಇಳಿಯುವಾಗ ಬೀಳು ತಪ್ಪಿ ರವದಿಯಲ್ಲೇ ಕೂತಿತು. ಕೂಳೆ ಚುಚ್ಚಿ ಹೊಟ್ಟೆಯಡಿ ಎರಡು ರೂಪಾಯಿ ನಾಣ್ಯದಷ್ಟು ತೂತು. ನಾವು ತಲುಪುವ ಮೊದಲೇ ನಮ್ಮ ಜೊತೆ ಗೋಕಾಕದಿಂದ ಬಂದಿದ್ದ ಬಡಿಗೇರ ಕಾಕಾ ಅಲ್ಲಿದ್ದರು. ತೂತಿನ ಕಡೆ ನೋಡಲೂ ಇಲ್ಲ. ವಿಮಾನವನ್ನೆತ್ತಿ, ಒಂದು ಕಣ್ಣು ಮುಚ್ಚಿ, ರೆಕ್ಕೆಯ ಅಂಚಿನುದ್ದಕ್ಕೂ ತುದಿಯವರೆಗೆ ನೋಡಿದರು. ಆಮೇಲೆ ಇನ್ನೊಂದು ಕಡೆಯಿಂದ.

"ಸೀದಾ ಐತಿ" ಅಂದರು. "ಇನ್ನೊಮ್ಮೆ ಬಿಡ್ರಿ."