ಮಣಿಗಳ ಗೋಪುರ ಮತ್ತು ಸಂತೆಯ ಚೀಲ

ಮಡಿವಾಳದಿಂದ ಹೊಸೂರು ರಸ್ತೆಯಲ್ಲಿ ನಗರದತ್ತ ಸಾಗಿದರೆ ಸಿಗುವ ನಿಮ್ಹಾನ್ಸ್ ಸಂಸ್ಥೆ 2004ರಲ್ಲಿ ನರಮನೋವಿಜ್ಞಾನ ಪರೀಕ್ಷಾಮಾಲೆಯ ಕೈಪಿಡಿಯೊಂದನ್ನು ಪ್ರಕಟಿಸಿತು. ಶೋಬಿನಿ ರಾವ್, ಡಿ.ಕೆ. ಸುಬ್ಬಕೃಷ್ಣ ಮತ್ತು ಕೆ. ಗೋಪುಕುಮಾರ್ ಇದರ ಕರ್ತೃಗಳು. ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ತಕ್ಕಂತೆ, ಅನಕ್ಷರಸ್ಥರಿಗೂ ಪ್ರತ್ಯೇಕ ಮಾನಕಗಳನ್ನು ಒದಗಿಸಿರುವುದು ಇದರ ಹಿರಿಮೆ. ಪಾಶ್ಚಾತ್ಯ ಮಾನಕಗಳನ್ನೇ ನೆಚ್ಚಿದರೆ ಶಾಲೆಯ ಮೆಟ್ಟಿಲು ಹತ್ತದ ಆರೋಗ್ಯವಂತರನ್ನೂ ರೋಗಿಗಳೆಂದು ಎಣಿಸುವ ಅಪಾಯವಿದೆ.

ಯೋಜನಾ ಸಾಮರ್ಥ್ಯವನ್ನು ಅಳೆಯಲು ಇದರಲ್ಲಿ ಬಳಸಿರುವುದು ಟಿಮ್ ಶ್ಯಾಲಿಸ್ 1982ರಲ್ಲಿ ವರದಿ ಮಾಡಿದ 'ಲಂಡನ್ ಗೋಪುರ' ಪರೀಕ್ಷೆ. ಮೂರು ಕಡ್ಡಿಗಳಲ್ಲಿರುವ ಮೂರು ಬಣ್ಣದ ಮಣಿಗಳನ್ನು ಒಂದೊಂದಾಗಿ ಸರಿಸಿ, ಆದಷ್ಟು ಕಡಿಮೆ ನಡೆಗಳಲ್ಲಿ ಮಾದರಿಯಂತೆ ಜೋಡಿಸಬೇಕು. ಕೆಲವೊಮ್ಮೆ ಮಣಿಯನ್ನು ಅದರ ಗುರಿಯಿಂದ ದೂರವೇ ಇಡಬೇಕಾಗುತ್ತದೆ. ತಕ್ಷಣ ತೋಚಿದ್ದನ್ನು ತಡೆಹಿಡಿದು ಮುಂದಿನ ಹೆಜ್ಜೆಗಳನ್ನು ಮನಸ್ಸಿನಲ್ಲೇ ಜೋಡಿಸುವ ಈ ಕೆಲಸದಲ್ಲಿ ಹಣೆಯ ಹಿಂದಿರುವ ಮೆದುಳಿನ ಹಾಲೆಗಳ ಪಾತ್ರ ದೊಡ್ಡದು.

ಆದರೆ ಇಂಥ ಪರೀಕ್ಷೆಗೆ ಮಿತಿಯಿದೆ. 1991ರಲ್ಲಿ ಶ್ಯಾಲಿಸ್ ಮತ್ತು ಪಾಲ್ ಬರ್ಗೆಸ್, ಈ ಹಾಲೆಗಳಿಗೆ ಪೆಟ್ಟಾಗಿದ್ದ ಮೂವರನ್ನು ಪರೀಕ್ಷಿಸಿದರು. ಕೊಠಡಿಯ ಬಹುತೇಕ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಮಾಡಿದ ಅವರು, ಅಂಗಡಿಬೀದಿಯಲ್ಲಿ ಕೊಟ್ಟ ಸಣ್ಣಪುಟ್ಟ ಕೆಲಸಗಳಲ್ಲಿ ಎಡವಿದರು. ಕಾರಣ ಊಹಿಸಬಹುದು. ಕೊಠಡಿಯಲ್ಲಿ ಗುರಿಯನ್ನೂ ಆರಂಭವನ್ನೂ ಸೂಚಿಸುವವರು ಪರೀಕ್ಷಕರು. ಮಡಿವಾಳ ಮಾರುಕಟ್ಟೆಯಲ್ಲಾದರೆ ತರಕಾರಿ ಮೊದಲೋ ಔಷಧ ಮೊದಲೋ ಎಂಬುದನ್ನು ನಾವೇ ನಿರ್ಧರಿಸಬೇಕು. ನಡುವೆ ಯಾರಾದರೂ ಮಾತಿಗೆಳೆದರೂ ಉಳಿದ ಕೆಲಸ ನೆನಪಿರಬೇಕು.

ಆದ್ದರಿಂದ ಗೋಪುರದ ಅಂಕ ಸರಿಯಿದ್ದ ಮಾತ್ರಕ್ಕೆ 'ದೋಷವಿಲ್ಲ' ಎನ್ನಲಾಗದು. ಮನೆಯವರ ಅನುಭವವನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು. ಕೈಪಿಡಿಯ ಮಾನಕಗಳು ಬೆಲೆಯುಳ್ಳವು. ಅವುಗಳ ಜೊತೆಗೆ ನಮ್ಮ ಸಂತೆಬೀದಿಗಳಿಗೆ ಹೊಂದುವ ಪರೀಕ್ಷೆಯೂ ಅಗತ್ಯ.