ಗಾಯ ಕಾಣದ ದೇವಾಲಯ

ಮಾಸ್ಕೋ ನಗರದ ನದೀತೀರದಲ್ಲಿ ನಿಂತಿರುವ ಕ್ರಿಸ್ತ ರಕ್ಷಕರ ಪ್ರಧಾನಾಲಯವನ್ನು ಕಂಡವರು ಅದನ್ನು ಪುರಾತನವೆಂದೇ ಭಾವಿಸುತ್ತಾರೆ. ಸುಮಾರು 103 ಮೀಟರ್ ಎತ್ತರ, ಐದು ಸುವರ್ಣ ಗುಮ್ಮಟಗಳು, ಬೆಳ್ಳನೆಯ ಗೋಡೆಗಳು. ಆದರೆ ಈ ಅರ್ಥೊಡಾಕ್ಸ್ ದೇವಾಲಯದ ಪವಿತ್ರೀಕರಣ ನಡೆದದ್ದು 2000ದ ಆಗಸ್ಟ್ 19ರಂದು.

ನೆಪೋಲಿಯನ್ನನ ಸೇನೆ ಹಿಮ್ಮೆಟ್ಟಿದ 1812ರಲ್ಲಿ, ದೇವರಿಗೆ ಕೃತಜ್ಞತೆಯಾಗಿಯೂ ಮಡಿದವರ ಸ್ಮರಣೆಗಾಗಿಯೂ ಒಂದು ದೇವಾಲಯ ಕಟ್ಟಿಸುವುದಾಗಿ ಒಂದನೆಯ ಅಲೆಕ್ಸಾಂಡರ್ ದೊರೆ ಹರಕೆ ಹೊತ್ತನು. ವಾಸ್ತುಶಿಲ್ಪಿ ಕಾನ್‌ಸ್ಟಂಟಿನ್ ಟೋನ್ ರಚಿಸಿದ ನಕ್ಷೆಯಂತೆ 1839ರಲ್ಲಿ ಅಡಿಗಲ್ಲು ಬಿತ್ತು; 1883ರಲ್ಲಿ ದೇವಾಲಯ ಪವಿತ್ರೀಕರಣಗೊಂಡಿತು. ನಾಲ್ಕು ತೋಳುಗಳೂ ಸಮನಾದ ಶಿಲುಬೆಯ ಆಕಾರ, ನಡುವೆ ಮಹಾಗುಮ್ಮಟ. ಬೈಜಾಂಟಿಯಂ ಮತ್ತು ಹಳೆಯ ರಷ್ಯಾದ ಶೈಲಿಗಳ ಸಂಗಮವದು. ಒಳಗಿನ ಅಮೃತಶಿಲೆಯ ಫಲಕಗಳಲ್ಲಿ ಕದನಗಳ ವಿವರಗಳನ್ನೂ ಸೇನಾಧಿಕಾರಿಗಳ ಹೆಸರುಗಳನ್ನೂ ಕೆತ್ತಲಾಗಿತ್ತು.

1931ರ ಡಿಸೆಂಬರ್ 5ರಂದು ಸ್ಟಾಲಿನ್ ಆಡಳಿತವು ಅದನ್ನು ಸಿಡಿಮದ್ದಿಟ್ಟು ಕೆಡವಿತು. ಅಲ್ಲಿ ಏಳಬೇಕಿದ್ದ ಸೋವಿಯತ್ ಅರಮನೆ ಏಳಲೇ ಇಲ್ಲ. ಅಡಿಪಾಯಕ್ಕೆ ತೋಡಿದ ಹಳ್ಳ 1960ರ ಹೊತ್ತಿಗೆ ಬಯಲು ಈಜುಕೊಳವಾಯಿತು. ಬಲಿಪೀಠವಿದ್ದ ನೆಲದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಜನರು ಈಜಿದರು. 1990ರ ದಶಕದಲ್ಲಿ ಕೊಳವನ್ನು ತೆಗೆದು, ದೇವಾಲಯವನ್ನು ಹಳೆಯ ರೂಪದಲ್ಲೇ ಪುನಃ ಕಟ್ಟಲಾಯಿತು.

ಕೆಡವಿದವರ ಮಾತೇ ಕೊನೆಯ ಮಾತಾಗಬಾರದೆಂಬ ಆ ಜನರ ಹಂಬಲ ಗೌರವಾರ್ಹವಾದುದು. ಆದರೂ ವಾಸ್ತುಶಿಲ್ಪವಾಗಿ ಈ ಕಟ್ಟಡ ನಮ್ಮನ್ನು ಪೂರ್ತಿಯಾಗಿ ಒಪ್ಪಿಸುವುದಿಲ್ಲ. ಇಟ್ಟಿಗೆಯ ಗೋಡೆಗಳಿದ್ದಲ್ಲಿ ಈಗ ಕಾಂಕ್ರೀಟಿನ ಒಡಲಿದೆ. ಹೊರಗೋಡೆಯ ಅಮೃತಶಿಲೆಯ ಉಬ್ಬುಶಿಲ್ಪಗಳ ಜಾಗದಲ್ಲಿ ಕಪ್ಪಾದ ಕಂಚಿನ ಶಿಲ್ಪಗಳಿವೆ. ಬಿಳಿಯ ಗೋಡೆಯೊಡನೆ ಅವು ಬೆರೆಯದೆ, ಅಂಟಿಸಿದಂತೆ ಕಾಣುತ್ತವೆ. ಅಳಿದುಳಿದ ಮೂಲಶಿಲ್ಪಗಳು ಅದೇ ನಗರದ ದೋನ್ಸ್ಕೋಯ್ ಮಠದಲ್ಲಿವೆ. ಒಡೆದ ಆ ಕಲ್ಲುಗಳು ನುಡಿಯುವ ಸತ್ಯವನ್ನು ನಯವಾದ ಹೊಸ ಗೋಡೆಗಳು ನುಡಿಯಲಾರವು. ಹೊರಗೆ ನಿಂತು ನೋಡುವವನಿಗೆ 1883ರಿಂದ ಇಂದಿನವರೆಗೆ ಇಲ್ಲಿ ಏನೂ ನಡೆದೇ ಇಲ್ಲವೆಂದು ತೋರುತ್ತದೆ.

ಈ ದೇವಾಲಯ ಯಾರ ಹೆಸರನ್ನು ಹೊತ್ತಿದೆಯೋ ಆ ರಕ್ಷಕರು ಪುನರುತ್ಥಾನದ ಬಳಿಕವೂ ತಮ್ಮ ಗಾಯಗಳನ್ನು ಅಳಿಸಿಕೊಳ್ಳಲಿಲ್ಲ. ತೋಮನಿಗೆ ಅವರು ತೋರಿಸಿದ್ದು ಆ ಗುರುತುಗಳನ್ನೇ. ಆ ಒಡೆದ ಶಿಲ್ಪಗಳಲ್ಲಿ ಒಂದನ್ನಾದರೂ ಹೊಸ ಗೋಡೆಯಲ್ಲಿ ಕೂಡಿಸಿದ್ದರೆ, ಬಿದ್ದುದು ಎದ್ದಿದೆ ಎಂಬ ಸಾಕ್ಷ್ಯವನ್ನು ಆ ಗೋಡೆಯೇ ನುಡಿಯುತ್ತಿತ್ತು. ಹಳೆಯ ದೇವಾಲಯಗಳನ್ನು ಕೆಡವಿ ಹೊಸದು ಕಟ್ಟುವಾಗ ನಮ್ಮ ಧರ್ಮಕೇಂದ್ರಗಳೂ ಈ ಮಾತನ್ನು ನೆನೆಯುವುದು ಒಳಿತು.