ಬಾಟಲಿ ಚೂರಿನ ಪಾಠ

ನಮ್ಮ ಕಡೆ ಕಾಂಪೌಂಡ್ ಗೋಡೆಯ ನೆತ್ತಿಗೆ ಸಿಮೆಂಟು ಮೆತ್ತಿ, ಅದು ಹಸಿಯಿರುವಾಗಲೇ ಬಾಟಲಿ ಚೂರು ನೆಡುತ್ತಾರೆ, ಕಳ್ಳ ಹತ್ತದಿರಲಿ ಎಂದು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಗೋಡೆಯ ಆ ಅಂಚು ಹಸಿರು, ಕಂದು, ಜೇನುಬಣ್ಣಗಳಲ್ಲಿ ಹೊತ್ತಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಅದನ್ನು ನಿಂತು ನೋಡುತ್ತೇವೆ, ದೊಡ್ಡವರಾದ ಮೇಲೆ ಕಣ್ಣು ಅತ್ತ ಹೋಗುವುದಿಲ್ಲ. ಜರ್ಮನಿಯ ವೈಮಾರ್ ಊರಿನಲ್ಲಿ ಸುಮಾರು 100 ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬ ಇಂಥದೇ ಚೂರುಗಳಿಗಾಗಿ ಊರಿನ ಕಸದ ಗುಡ್ಡೆಗೆ ಹೋಗುತ್ತಿದ್ದ. ಹೆಗಲಿಗೆ ಚೀಲ, ಕೈಯಲ್ಲಿ ಸುತ್ತಿಗೆ. ಸಿಕ್ಕ ಬಾಟಲಿಗಳನ್ನು ಒಡೆದು, ಬಣ್ಣ ನೋಡಿ ಆರಿಸಿ, ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದ. ಮಹಾಯುದ್ಧ ಮುಗಿದು ದೇಶ ಬರಿದಾಗಿದ್ದ ಕಾಲ. ಬಣ್ಣ, ಕ್ಯಾನ್ವಾಸು ಕೊಳ್ಳಲು ಆತನ ಬಳಿ ಹಣವಿರಲಿಲ್ಲ.

ಆತ ಯೋಸೆಫ್ ಆಲ್ಬರ್ಸ್. ಹುಟ್ಟಿದ್ದು 1888ರಲ್ಲಿ, ಬೊಟ್ರಾಪ್ ಎಂಬ ಗಣಿ ಊರಿನಲ್ಲಿ. ಅಲ್ಲೇ ಶಾಲಾ ಮೇಷ್ಟರಾಗಿದ್ದವನು 1920ರಲ್ಲಿ, 32ರ ವಯಸ್ಸಿಗೆ, ಮತ್ತೆ ವಿದ್ಯಾರ್ಥಿಯಾಗಿ ಬೌಹೌಸ್ ಕಲಾಶಾಲೆಗೆ ಸೇರಿದ. ವಾಲ್ಟರ್ ಗ್ರೋಪಿಯಸ್ ಆ ಶಾಲೆ ಕಟ್ಟಿ ಆಗಿನ್ನೂ ಒಂದೇ ವರ್ಷವಾಗಿತ್ತು. ಗಾಜು ಆಲ್ಬರ್ಸ್‌ಗೆ ಹೊಸದೇನಲ್ಲ. ತನ್ನೂರಿನ ಚರ್ಚಿಗೆ ಹಳೆಯ ಕ್ರಮದಲ್ಲಿ, ಬಣ್ಣದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಲ್ಲಿ ಕೂರಿಸಿ, ಒಂದು ಕಿಟಕಿ ಮಾಡಿಕೊಟ್ಟಿದ್ದ. ಆದರೆ ಬೌಹೌಸಿನ ಗುರುಗಳ ಪ್ರಕಾರ ಗಾಜಿನ ಚಿತ್ರ ಭಿತ್ತಿಚಿತ್ರದ ಒಂದು ಕೊಂಬೆ, ಮೊದಲು ಗೋಡೆಗೆ ಬಣ್ಣ ಹಚ್ಚುವುದನ್ನು ಕಲಿಯಬೇಕು. ಆಲ್ಬರ್ಸ್ ಒಪ್ಪಲಿಲ್ಲ. ಎರಡನೆಯ ಸೆಮಿಸ್ಟರ್ ಮುಗಿಯುವಾಗ ಎಲ್ಲ ವಿದ್ಯಾರ್ಥಿಗಳೂ ತಾವು ಮಾಡಿದ್ದನ್ನು ತೋರಿಸಬೇಕಿತ್ತು. ಈತ ಬಾಟಲಿ ಚೂರಿನ ಕೆಲಸಗಳನ್ನೇ ತಂದಿಟ್ಟ. ಶಾಲೆ ಬಿಡಬೇಕಾಗಿ ಬರಬಹುದು ಎಂಬ ಸ್ಥಿತಿಯಲ್ಲಿದ್ದವನಿಗೆ, ಗಾಜಿನ ಕಾರ್ಯಾಗಾರವೊಂದನ್ನು ನೀನೇ ಕಟ್ಟು ಎಂಬ ಹೊಣೆ ಸಿಕ್ಕಿತು.

ಈ ಕಥೆಯನ್ನು ಹಟ ಮಾಡಿ ಗೆದ್ದವನ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಅದು ಮುಖ್ಯವಲ್ಲ. ಆ ಕೆಲಸಗಳು ವಿದ್ಯಾರ್ಥಿಯ ಕೆಲಸಗಳಾಗಿ ಹೇಗಿವೆ ಎಂಬುದು ಮುಖ್ಯ.

ಹೀಗೆ ಕೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಭಾನುವಾರಗಳಂದು ನಾನೂ ಒಂದು ಸ್ಟೇನ್ಡ್ ಗ್ಲಾಸ್ ತರಗತಿಗೆ ಹೋಗಿದ್ದೆ. ಕೈಗೆ ಒಂದು ಮಾದರಿ ಹಾಳೆ ಕೊಟ್ಟರು: ತಾವರೆ, ಸುತ್ತ ಎಲೆ, ಪ್ರತಿ ತುಂಡಿಗೂ ನಂಬರು. ನಂಬರಿನ ಪ್ರಕಾರ ಗಾಜನ್ನು ಕಟರಿನಿಂದ ಗೀರಿ ಮುರಿದೆವು, ಅಂಚು ಉಜ್ಜಿದೆವು, ತಾಮ್ರದ ಫಾಯಿಲ್ ಸುತ್ತಿದೆವು, ಬೆಸುಗೆ ಹಾಕಿದೆವು. ಕೊನೆಯಲ್ಲಿ ಎಲ್ಲರ ತಾವರೆಗಳನ್ನೂ ಒಂದು ಟ್ಯೂಬ್‌ಲೈಟಿನ ಮುಂದೆ ಸಾಲಾಗಿ ತೂಗುಹಾಕಿ ನೋಡಿದೆವು. ಬೆಸುಗೆಯ ಗೆರೆ ಯಾರದು ನೇರ, ಯಾರದು ಗಂಟುಗಂಟು ಎಂಬಷ್ಟೇ ವ್ಯತ್ಯಾಸ. ಕೈ ಪಳಗುವುದಕ್ಕೆ ಅದು ಬೇಕು, ನಾನು ಅಲ್ಲಗಳೆಯುವುದಿಲ್ಲ. ಕಟರು ಸರಿಯಾಗಿ ಓಡುತ್ತಿದೆಯೇ ಎಂದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ ಎಂಬುದು, ಒಳಕ್ಕೆ ಆಳವಾಗಿ ಬಾಗಿದ ತಿರುವನ್ನು ಗಾಜು ಒಪ್ಪುವುದೇ ಇಲ್ಲ, ಎಲ್ಲೋ ಒಂದು ಕಡೆ ಸೀಳಿಬಿಡುತ್ತದೆ ಎಂಬುದು ನನಗೆ ತಿಳಿದದ್ದು ಅಲ್ಲೇ. ಆದರೆ ಆ ತಾವರೆ ಕಾಗದದ ಮೇಲೆ ಇದ್ದಾಗಲೇ ಮುಗಿದುಹೋಗಿತ್ತು. ಗಾಜು ಅದಕ್ಕೆ ಬಣ್ಣ ತುಂಬಿತು, ಅಷ್ಟೆ. ಯಾವ ಕಿಟಕಿಗೆ ತೂಗುಹಾಕುತ್ತೀರಿ, ಅದಕ್ಕೆ ಬಿಸಿಲು ಬರುವುದು ಬೆಳಿಗ್ಗೆಯೋ ಸಂಜೆಯೋ ಎಂದು ನಮ್ಮನ್ನು ಯಾರೂ ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಆಲ್ಬರ್ಸ್‌ನ ಮೊದಲ ಕೆಲಸಗಳನ್ನು ಪುಸ್ತಕವೊಂದರ ಪುಟಗಳಲ್ಲಿ ನೋಡಿದ್ದು ಆಮೇಲೆ. 1921ರ ‘ಫಿಗರ್’ ಮತ್ತು ‘ರೈನ್ ಪ್ರದೇಶದ ದಂತಕಥೆ’. ಎರಡೂ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿವೆ. ನಾನು ಮೂಲವನ್ನು ಕಂಡಿಲ್ಲ, ನೋಡಿರುವುದು ಛಾಯಾಚಿತ್ರಗಳನ್ನು. ಗಾಜಿನ ವಿಷಯದಲ್ಲಿ ಇದು ಸಣ್ಣ ಕೊರತೆಯಲ್ಲ, ಏಕೆಂದರೆ ಫೋಟೊ ತೆಗೆಯುವವರು ಹಿಂದಿನಿಂದ ಸಮನಾದ ಬೆಳಕು ಕೊಟ್ಟಿರುತ್ತಾರೆ, ಮೋಡ ಸರಿಯುವುದು ಅಲ್ಲಿ ಕಾಣುವುದಿಲ್ಲ. ಆದರೂ ಕೆಲವು ಸಂಗತಿ ಸ್ಪಷ್ಟ. ಚೂರುಗಳನ್ನು ಲೋಹದ ಜಾಲರಿಗೋ ತಗಡಿಗೋ ಬಿಗಿದಿದ್ದಾನೆ. ಬಾಟಲಿಯ ತಳದ ದುಂಡು ಬಿಲ್ಲೆಗಳು ಹಾಗೆಹಾಗೆಯೇ ಇವೆ. ಒಡೆದ ಅಂಚನ್ನು ಉಜ್ಜಿ ನಯಮಾಡುವ ಗೋಜಿಗೆ ಹೋಗಿಲ್ಲ. ದಪ್ಪ ಗಾಜು ಬೆಳಕನ್ನು ತಡೆದು ಕಪ್ಪಾಗುತ್ತದೆ, ಅದೇ ಚೂರು ತೆಳುವಾದಲ್ಲಿ ಹೊಳೆಯುತ್ತದೆ. ಒಂದೇ ಬಣ್ಣದೊಳಗೆ ಇಷ್ಟು ಏರಿಳಿತವನ್ನು ಕುಂಚದಿಂದ ತರಬೇಕಾದರೆ ದಿನಗಟ್ಟಲೆ ಹೆಣಗಬೇಕು. ಇಲ್ಲಿ ಬಾಟಲಿಯೇ ಕೊಟ್ಟಿದೆ, ಆತ ಅದನ್ನು ಗುರುತಿಸಿ ಜಾಗ ತೋರಿಸಿದ್ದಾನೆ.

ಇವು ಕುಂದಿಲ್ಲದ ಕೆಲಸಗಳಲ್ಲ. ‘ರೈನ್ ಪ್ರದೇಶದ ದಂತಕಥೆ’ಯಲ್ಲಿ ಚೂರುಗಳು ಒಂದರ ಮೇಲೊಂದು ಬಿದ್ದು, ನೋಡುವ ಕಣ್ಣಿಗೆ ನಿಲ್ಲಲು ತಾವೇ ಸಿಗುವುದಿಲ್ಲ. ಸಿಕ್ಕಿದ್ದೆಲ್ಲ ಚೆಂದ, ಯಾವುದನ್ನೂ ಬಿಡಲಾರೆ ಎನ್ನುವ ಹೊಸಬನ ಆಸೆ ಅದು. ಬಳೆ ಚೂರು ಕೂಡಿಹಾಕುವ ಹುಡುಗಿಯ ಡಬ್ಬಿಯ ಹಾಗೆ. ಆ ಆಸೆಯನ್ನು ನಾನು ತಪ್ಪೆಂದು ಎಣಿಸಲಾರೆ. ಸಾಮಗ್ರಿಯ ಮೇಲೆ ಅಷ್ಟು ಮೋಹ ಹುಟ್ಟದವನು ಮುಂದೆ ಅದನ್ನು ಹದ್ದಿನಲ್ಲಿಡುವುದನ್ನೂ ಕಲಿಯುವುದಿಲ್ಲ.

ಆ ಹದ್ದುಬಸ್ತು ಬಂದದ್ದು ಅದೇ ವರ್ಷದ ‘ಗಿಟರ್‌ಬಿಲ್ಡ್’ನಲ್ಲಿ. ಜಾಲರಿಯ ಚಿತ್ರ ಎಂದು ಅರ್ಥ. ಸುಮಾರು ಒಂದು ಅಡಿಯಷ್ಟರದು. ಈ ಸಲ ಕಸದ ಗುಡ್ಡೆಯ ಚೂರಲ್ಲ. ಗಾಜು ತಯಾರಿಸುವವರು ಗಿರಾಕಿಗೆ ಬಣ್ಣ ತೋರಿಸಲು ಇಟ್ಟುಕೊಳ್ಳುವ ಮಾದರಿ ತುಂಡುಗಳನ್ನು ತಂದ, ಒಂದೇ ಅಳತೆಯ ಚೌಕಗಳಾಗಿಸಿದ, ಬೇಲಿಗೆ ಬಳಸುವ ಲೋಹದ ಜಾಲರಿಯೊಂದರಲ್ಲಿ ತಾಮ್ರದ ತಂತಿಯಿಂದ ಹೆಣೆದು ಕಟ್ಟಿದ. ಸೀಸವಿಲ್ಲ, ಬೆಸುಗೆಯ ಗೆರೆಯೂ ಇಲ್ಲ. ಎಲ್ಲ ಚೌಕವೂ ಒಂದೇ ಗಾತ್ರವಾದ್ದರಿಂದ ಆಕಾರದ ಮಾತೇ ಏಳುವುದಿಲ್ಲ, ಉಳಿಯುವುದು ಒಂದು ಬಣ್ಣದ ಪಕ್ಕ ಯಾವ ಬಣ್ಣ ಎಂಬ ಒಂದೇ ಪ್ರಶ್ನೆ. ಹಳದಿಯ ನೆರೆಗೆ ಕೂತ ಕೆಂಪು ನೀಲಿಯ ನೆರೆಗೆ ಕೂತಾಗ ಬೇರೆಯದೇ ಕೆಂಪಾಗುತ್ತದೆ. ಬದುಕಿಡೀ ಆತ ಬಿಡಿಸಿ ನೋಡಿದ ಪ್ರಶ್ನೆ ಇದೇ. 1963ರಲ್ಲಿ ಬಂದ ಆತನ ಪ್ರಸಿದ್ಧ ಪುಸ್ತಕ ‘ಬಣ್ಣಗಳ ಪರಸ್ಪರ ಕ್ರಿಯೆ’ ಮಾತಾಡುವುದೂ ಇದನ್ನೇ. ಆದರೆ ನಾನು ಈ ಚೌಕಗಳನ್ನು ಮೆಚ್ಚುವುದು ಮುಂದೆ ಏನಾಯಿತು ಎಂಬುದಕ್ಕಲ್ಲ. ತಂತಿಗಾಗಿ. ಪ್ರತಿ ಚೌಕದ ಸುತ್ತ ತಂತಿ ಹಾದುಹೋಗಿರುವುದು, ಬಿಗಿದಿರುವುದು ಎದುರಿಗೇ ಕಾಣುತ್ತದೆ. ಗಾಜನ್ನು ಹಿಡಿದು ನಿಲ್ಲಿಸಿರುವುದು ಏನೆಂದು ಆತ ಬಚ್ಚಿಟ್ಟಿಲ್ಲ, ಸಿಂಗರಿಸಿಯೂ ಇಲ್ಲ. ಹಳೆಯ ಚರ್ಚಿನ ಕಿಟಕಿಗಳಲ್ಲಿ ಒಳ್ಳೆಯ ಕುಶಲಕರ್ಮಿ ಸೀಸದ ಪಟ್ಟಿಯನ್ನೇ ಚಿತ್ರದ ಗೆರೆಯಾಗಿಸುತ್ತಿದ್ದ: ಮೇಲುಹೊದಿಕೆಯ ನಿರಿಗೆ ಎಲ್ಲಿ ಬೀಳುತ್ತದೋ ಅಲ್ಲೇ ಸಂದು. ನಮ್ಮ ತಾವರೆಗಳಲ್ಲಿ ಬೆಸುಗೆಯ ಗೆರೆ ಎಲೆಯ ನಟ್ಟನಡುವೆ ಸುಮ್ಮನೆ ಹಾದುಹೋಗುತ್ತಿತ್ತು, ಗಾಜು ಅಲ್ಲಿಗೆ ಮುಗಿಯಿತು ಎಂಬ ಕಾರಣಕ್ಕೆ. ಆಲ್ಬರ್ಸ್ ಚಿತ್ರವನ್ನೇ ಸಂದಿನಿಂದ ಶುರುಮಾಡಿದ.

1924ರ ಸುಮಾರಿನ ‘ಪಾರ್ಕ್’ ಇದರ ತಂಗಿ. ಹಸಿರು, ನೀಲಿಯ ಚೌಕ, ಆಯತಗಳು, ನಡುವೆ ತಂತಿ ಮತ್ತು ಲೋಹ. ನೋಡಲು ‘ಗಿಟರ್‌ಬಿಲ್ಡ್’ಗಿಂತ ಹಿತ, ಉಸಿರಾಡಲು ಜಾಗವೂ ಹೆಚ್ಚು. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಮೊದಲನೆಯದನ್ನೇ ಎತ್ತಿಕೊಳ್ಳುತ್ತೇನೆ.

ನಡುವೆ ಕಾರ್ಯಾಗಾರ ಬಂತು. ಬರ್ಲಿನ್ನಿನಲ್ಲಿ ಗ್ರೋಪಿಯಸ್ ಮತ್ತು ಅಡಾಲ್ಫ್ ಮೇಯರ್ ಕಟ್ಟಿದ ಸೊಮರ್‌ಫೆಲ್ಡ್ ಮನೆಗೆ ಆಲ್ಬರ್ಸ್ ಬಣ್ಣದ ಕಿಟಕಿ ಮಾಡಿಕೊಟ್ಟ. ಮನೆಯೂ ಕಿಟಕಿಯೂ ಎರಡನೆಯ ಮಹಾಯುದ್ಧದಲ್ಲಿ ಹೋದವು. 1925ರಲ್ಲಿ ಶಾಲೆ ವೈಮಾರ್ ಬಿಟ್ಟು ಡೆಸ್ಸೌ ಊರಿಗೆ ಬಂದಾಗ ಗಾಜಿಗೆ ಪ್ರತ್ಯೇಕ ಕಾರ್ಯಾಗಾರ ಉಳಿಯಲಿಲ್ಲ. ಆಲ್ಬರ್ಸ್‌ನ ಕೆಲಸದ ರೀತಿಯೂ ಬದಲಾಯಿತು. ಬಿಳಿ ಗಾಜಿನ ಮೈಗೆ ಬಣ್ಣದ ಗಾಜಿನ ತೆಳು ಪದರ ಅಂಟಿ ಬರುವ ಹಾಳೆಗಳನ್ನು ತೆಗೆದುಕೊಂಡ. ಅದರ ಮೇಲೆ ಕಾಗದದ ಅಚ್ಚು ಮುಚ್ಚಿ, ಒತ್ತಡದ ಗಾಳಿಯಲ್ಲಿ ಮರಳು ಚಿಮ್ಮಿಸಿದರೆ, ಅಚ್ಚು ಇಲ್ಲದ ಕಡೆ ಬಣ್ಣ ಕಿತ್ತುಬಂದು ಕೆಳಗಿನ ಬಿಳಿ ಕಾಣುತ್ತದೆ. ಅಂಚು ಅಲಗಿನ ಹಾಗೆ ಚೂಪು. ಅಲ್ಲಿಗೆ ಚೂರು, ತಂತಿ, ಸಂದು ಎಲ್ಲಕ್ಕೂ ವಿದಾಯ.

ಈ ಡೆಸ್ಸೌ ಗಾಜುಗಳನ್ನು ಆತನ ಪ್ರೌಢ ಕೃತಿಗಳೆಂದು, ವೈಮಾರಿನವನ್ನು ಅವುಗಳ ಪೂರ್ವಸಿದ್ಧತೆಯೆಂದು ಎಣಿಸುವುದು ರೂಢಿ. ನನ್ನ ಅಭಿಪ್ರಾಯ ಬೇರೆ. 1928ರ ‘ಸಿಟಿ’ಯನ್ನೇ ನೋಡಿ. ಕೆಂಪು, ಕಪ್ಪು, ಬಿಳಿ ಪಟ್ಟಿಗಳು, ನಗರದ ಎತ್ತರದ ಕಟ್ಟಡಗಳ ಲಯ. ಒಂದು ಪಟ್ಟಿಯನ್ನೂ ಅತ್ತಿತ್ತ ಸರಿಸುವಂತಿಲ್ಲ, ಅಷ್ಟು ಬಿಗಿ. ಆದರೆ ಬೆಳಕು ಇದರ ಮೂಲಕ ಹಾದುಬರುವುದಿಲ್ಲ, ಮುಂದಿನಿಂದ ಬಿದ್ದು ಹಿಂದಿರುಗುತ್ತದೆ. ಕಿಟಕಿಯಲ್ಲಿದ್ದ ಗಾಜು ಗೋಡೆಗೆ ಬಂದು ಚಿತ್ರಪಟವಾಗಿದೆ. ಮುಂದೆ ನ್ಯೂಯಾರ್ಕಿನ ಪ್ಯಾನ್ ಆಮ್ ಕಟ್ಟಡದ ಮೊಗಸಾಲೆಗೆ ಭಾರಿ ಚಿತ್ರವೊಂದು ಬೇಕೆಂದಾಗ ಆಲ್ಬರ್ಸ್ ಇದೇ ‘ಸಿಟಿ’ಯ ವಿನ್ಯಾಸವನ್ನು ತೆಗೆದು, 1963ರಲ್ಲಿ ‘ಮ್ಯಾನ್‌ಹಟನ್’ ಮಾಡಿದ. ಸುಮಾರು 28 ಅಡಿ ಎತ್ತರ, 55 ಅಡಿ ಅಗಲ, ಸಾಮಗ್ರಿ ಫಾರ್ಮಿಕಾ. ನಮ್ಮ ಹೋಟೆಲು ಮೇಜುಗಳ ಮೇಲೆ ಅಂಟಿಸುವ ಅದೇ ಫಾರ್ಮಿಕಾ. ಚಿತ್ರಕ್ಕೆ ಅದರಿಂದ ಏನೂ ಊನವಾಗಲಿಲ್ಲ, ಅದು ಅಲ್ಲಿಯೂ ಗಟ್ಟಿಯಾಗಿ ನಿಂತಿತು. ಅಂದಮೇಲೆ 1928ರಲ್ಲಿ ಅದಕ್ಕೆ ಗಾಜು ಎಷ್ಟು ಬೇಕಾಗಿತ್ತು? ‘ಗಿಟರ್‌ಬಿಲ್ಡ್’ ಅನ್ನು ಫಾರ್ಮಿಕಾದಲ್ಲಿ ಮಾಡಲು ಹೊರಟರೆ ಕೈಗೆ ಸಿಗುವುದು ಬಣ್ಣಬಣ್ಣದ ಚೌಕದ ಹಾಳೆ ಮಾತ್ರ.

ಡೆಸ್ಸೌ ಕಾಲದಲ್ಲೇ ಆತ ಲೈಪ್‌ಜಿಗ್ಗಿನ ಗ್ರಾಸಿ ಮ್ಯೂಸಿಯಮ್ಮಿನ ಮೆಟ್ಟಿಲುಸಾಲೆಗೆ ನಿಜವಾದ ಕಿಟಕಿಗಳನ್ನು ರೂಪಿಸಿದ್ದ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಬಾಂಬ್ ದಾಳಿಯಲ್ಲಿ ನಾಶವಾದ ಅವನ್ನು ಈ ಶತಮಾನದಲ್ಲಿ ಮರುನಿರ್ಮಿಸಿದ್ದಾರೆ. ಅಲ್ಲಿ ಬೆಳಕು ಗಾಜಿನೊಳಗಿಂದಲೇ ಬರುತ್ತದೆ.

ಇಷ್ಟು ದೂರದ ಒಬ್ಬ ವಿದ್ಯಾರ್ಥಿಯ ಬಗ್ಗೆ ನನಗೇಕೆ ಇಷ್ಟು ಕಾಳಜಿ ಎಂದರೆ, ನಮ್ಮಲ್ಲಿ ಬಣ್ಣದ ಗಾಜು ಬಂದದ್ದೆಲ್ಲ ಸಿದ್ಧವಾಗಿಯೇ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ನೆತ್ತಿಯ ನವಿಲುಗಳ ಗಾಜು ಗ್ಲಾಸ್ಗೊದಿಂದ ಬಂತು, ಅದೇ ಊರಿನ ಸೇಂಟ್ ಫಿಲೋಮಿನಾ ಚರ್ಚಿನ ಕಿಟಕಿಗಳು ಫ್ರಾನ್ಸಿನಿಂದ. ಕತ್ತೆತ್ತಿ ಮೆಚ್ಚಿದೆವು. ಕೈಯಲ್ಲಿ ಮುರಿದು, ಬೆರಳು ಕೊಯ್ದುಕೊಂಡು, ಹಾಳುಮಾಡಿ ಕಲಿಯುವ ಸರದಿ ಈಗ ಭಾನುವಾರದ ತರಗತಿಗಳಲ್ಲಿ ಬಂದಿದೆ. ಅಲ್ಲಿ ಮೊದಲ ದಿನವೇ ಮಾದರಿ ಹಾಳೆ ಕೊಡುವುದಕ್ಕೆ ನನ್ನ ತಕರಾರು. ಮೊದಲ ದಿನ ನಾಲ್ಕು ಬಾಟಲಿ ಚೂರು, ಒಂದಿಷ್ಟು ತಂತಿ ಕೊಡಲಿ. ಕೈಗವಸು, ಕನ್ನಡಕ ಹಾಕಿಸಲಿ. ಅವನ್ನು ಕಿಟಕಿಗೆ ಕಟ್ಟಿ ಬೆಳಗಿನಿಂದ ಸಂಜೆಯವರೆಗೆ ನೋಡಲು ಬಿಡಲಿ. ತಾವರೆ ಆಮೇಲೆ ಬರಲಿ.

ವೈಮಾರಿನ ಕಾರ್ಯಾಗಾರವನ್ನು ಇಷ್ಟು ಹೊಗಳಿದ ಮೇಲೆ ಅದರ ದೊಡ್ಡ ತಪ್ಪನ್ನೂ ಹೇಳಬೇಕು. 1922ರಲ್ಲಿ ಬರ್ಲಿನ್ನಿನಿಂದ ಆನಿ ಫ್ಲೈಶ್‌ಮನ್ ಎಂಬ ಹುಡುಗಿ ಬೌಹೌಸಿಗೆ ಬಂದಳು. ಆಕೆಗೆ ಬೇಕಿದ್ದದ್ದು ಗಾಜು. ಸಿಕ್ಕಿದ್ದು ಮಗ್ಗ. ಹೆಣ್ಣುಮಕ್ಕಳನ್ನು ಆ ಶಾಲೆ ಹೆಚ್ಚಾಗಿ ನೇಯ್ಗೆಗೇ ಕಳಿಸುತ್ತಿತ್ತು. ಗೋಡೆಗೆ ಬಣ್ಣ ಹಚ್ಚಲಾರೆ ಎಂದ ಗಂಡಸಿಗೆ ಕೊನೆಗೆ ಕಾರ್ಯಾಗಾರವೇ ಸಿಕ್ಕಿತು, ಈಕೆಗೆ ಅದರ ಬಾಗಿಲೂ ತೆರೆಯಲಿಲ್ಲ. ದಾರವನ್ನು ಆಕೆ ಮೊದಮೊದಲು ಇಷ್ಟಪಟ್ಟು ಹಿಡಿಯಲಿಲ್ಲ. 1925ರಲ್ಲಿ ಆಲ್ಬರ್ಸ್‌ನನ್ನು ಮದುವೆಯಾಗಿ ಆನಿ ಆಲ್ಬರ್ಸ್ ಆದಳು, ಇಪ್ಪತ್ತನೆಯ ಶತಮಾನದ ಬಹುದೊಡ್ಡ ನೇಯ್ಗೆಗಾರ್ತಿಯಾದಳು. ಬರ್ನೌ ಊರಿನಲ್ಲಿ ಹಾನೆಸ್ ಮೇಯರ್ ಕಟ್ಟಿದ ಕಾರ್ಮಿಕ ಸಂಘಗಳ ಶಾಲೆಯ ಸಭಾಂಗಣಕ್ಕೆ ಆಕೆ ನೇಯ್ದ ಬಟ್ಟೆ ಆಕೆಯ ಡಿಪ್ಲೊಮಾ ಕೆಲಸವಾಯಿತು. ಸಭಾಂಗಣದಲ್ಲಿ ಮಾತು ಪ್ರತಿಧ್ವನಿಸುತ್ತಿತ್ತು, ಅದನ್ನು ಹೀರುವ ಬಟ್ಟೆ ಬೇಕಿತ್ತು. ಅಷ್ಟು ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಆಕೆ ಹತ್ತಿಯ ಜೊತೆಗೆ ಸೆಲ್ಲೋಫೇನ್ ಎಳೆ ಸೇರಿಸಿದಳು. ಒಂದು ಮಗ್ಗುಲು ಸದ್ದನ್ನು ಒಳಕ್ಕೆಳೆದುಕೊಳ್ಳುತ್ತಿತ್ತು, ಇನ್ನೊಂದು ಮಗ್ಗುಲು ಬಿದ್ದ ಬೆಳಕನ್ನು ಕೋಣೆಗೆ ವಾಪಸು ಚೆಲ್ಲುತ್ತಿತ್ತು.